ಒಡಪಿನ ಎರಡನೆಯ ಸಾಲು

ಯೂಟ್ಯೂಬಿನ ಗಂಡಸರೆಲ್ಲ ಒಂದೇ ಬಾಯಿಂದ ಬೇಡ ಅಂದಿದ್ದರು. ಒಬ್ಬ ದಿಲ್ಲಿಯವ, ಒಬ್ಬ ಹೈದರಾಬಾದಿನವ, ಇನ್ನೊಬ್ಬ ಎಲ್ಲಿಯವನೋ, ಮನೆಯೊಳಗೂ ಟೋಪಿ ಹಾಕಿಕೊಂಡು ಕೂತವ. ಈ ಮಿರರ್‌ಲೆಸ್ ಕ್ಯಾಮೆರಾ ಬಂದು ಎಷ್ಟೋ ವರ್ಷವಾಯಿತು, ಇದರ ಫೋಕಸ್ಸು ನಿಧಾನ, ಬ್ಯಾಟರಿ ಮಧ್ಯಾಹ್ನಕ್ಕೇ ಕಣ್ಣು ಮುಚ್ಚುತ್ತದೆ, ಈಗಲೂ ಇದನ್ನು ಕೊಳ್ಳುವವರಿದ್ದಾರೆಯೇ ಎಂದು ಮೂವರೂ ನಕ್ಕಿದ್ದರು. ಅಂಬಿಕಾ ಆ ವಿಡಿಯೋಗಳನ್ನೆಲ್ಲ ರೊಟ್ಟಿ ಬಡಿಯುತ್ತಲೇ ನೋಡಿ ಮುಗಿಸಿದಳು. ಮರುದಿನ ಸ್ಟೇಶನ್ ಬಜಾರಕ್ಕೆ ಹೋಗಿ, ಫುರ್ಕಾನನ ಅಂಗಡಿಯಲ್ಲಿ ಅದೇ ಕ್ಯಾಮೆರಾವನ್ನು ಕೈಗೆತ್ತಿಕೊಂಡಳು. ಬೇಡ ಅಂದದ್ದರ ಮೇಲೇ ಮನಸ್ಸು ಹೋಗಿ ಕೂತರೆ ಯಾರೇನು ಮಾಡಲಾಗುತ್ತದೆ?

ಫುರ್ಕಾನ್ ಹಳೆಯ ಕ್ಯಾಮೆರಾ ಕೊಂಡು ಮಾರುವವ. ಲಾಡ್ಜುಗಳ ನಡುವಿನ ಕಿರಿದಾದ ಅಂಗಡಿ, ಒಳಗೆ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲೇ ಇರಬೇಕು.

"ಸುಳ್ಳು ಹೇಳಂಗಿಲ್ಲ ಬೆಹನ್. ಪುರಾನಾ ಮಾಲ್ ಅದ, ಖರಾಬ್ ಮಾಲ್ ಅಲ್ಲ. ಪಾರ್ಟ್ಸ್ ಬೇಕಾದ್ರ ನಾ ಕೊಡ್ತೀನಿ," ಅಂದ ಅವನು.

"ಫೋಕಸ್ ಭಾಳ ಸ್ಲೋ ಅಂತಾರಲ್ರಿ?"

"ಸ್ಲೋ ಅದ. ನೀವೇನು ಓಡೋ ಕುದುರಿ ಫೋಟೋ ತೆಗೀತೀರೇನು? ಒಂದಿನ ಒಯ್ರಿ. ಕೆಲಸ ನಡೀತು, ಇಟ್ಕೋರಿ. ಇಲ್ಲಂದ್ರ ಸಂಜಿಕ್ಕ ವಾಪಸ್ ಕೊಡ್ರಿ. ಬೇರೆ ಗಿರಾಕಿನೂ ಕೇಳ್ಯಾನ, ಅದಕ್ಕ ಒಂದೇ ದಿನ."

ಅಂಬಿಕಾಗೆ ಈ ಕೆಲಸ ಹೊಸದೇನಲ್ಲ. ಅವಳ ಗಂಡ ಮತ್ತು ಭಾವ ದೇವೀಂದ್ರಪ್ಪ ಕೂಡಿ ಶಹಾಬಜಾರದಲ್ಲಿ ಸ್ಟುಡಿಯೋ ಇಟ್ಟಿದ್ದರು. ಕ್ಯಾಮೆರಾ ಹಿಡಿಯುವುದನ್ನು ಗಂಡನೇ ಕಲಿಸಿದ್ದ. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅವಳ ಕೈಯಲ್ಲಿ ಉಳಿದದ್ದು ಲೈಟಿನ ಕೋಲು. ಭಾವ ಫೋಟೋ ತೆಗೆಯುವುದು, ಇವಳು ಹಿಂದೆ ಬೆಳಕು ಹಿಡಿಯುವುದು. ಮದುವೆ, ತೊಟ್ಟಿಲು, ಗೃಹಪ್ರವೇಶ ಎಲ್ಲ ಕಡೆ ಹೀಗೇ ನಡೆದಿತ್ತು. ಆರತಿ ತಟ್ಟೆ ಎದ್ದಿತೆಂದರೆ ಭಾವ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ, ಇವಳು ಕಂಬದ ಹಿಂದಕ್ಕೆ ಸರಿಯುತ್ತಿದ್ದಳು. "ಮಂದಿ ಅನ್ನೋಕಿಂತ ಮೊದಲು ನಾವೇ ಸರದ್ರ ಚಲೋ," ಎಂಬುದು ಅವನ ನ್ಯಾಯ. ಕೆಟ್ಟ ಮನುಷ್ಯನೇನಲ್ಲ. ಅವಳಿಗೆ ಅವಮಾನ ಆಗಬಾರದೆಂದು ಮುಂಚಿತವಾಗಿ ತಾನೇ ಸ್ವಲ್ಪ ಮಾಡಿಬಿಡುತ್ತಿದ್ದ, ಅಷ್ಟೇ.

ಸ್ವಂತ ಕ್ಯಾಮೆರಾದ ಮಾತೆತ್ತಿದಾಗ ಅವನು ಎರಡು ಮಾತು ಹೇಳಿದ್ದ. "ಹಳೇದು ತಗೊಂಡ್ರ ನಾಳಿ ಪಾರ್ಟ್ಸೂ ಸಿಗಂಗಿಲ್ಲ," ಎಂಬುದು ಮೊದಲನೆಯದು. ಆಮೇಲೆ ದನಿ ತಗ್ಗಿಸಿ, "ಮತ್ತ ಅಂಬಿಕಾ, ಶುಭಕಾರ್ಯಕ್ಕ ನಿನ್ನ ಒಬ್ಬಾಕಿನ್ನ ಯಾರು ಕರೀತಾರ ಹೇಳು," ಅಂದಿದ್ದ. ಮೊದಲನೆಯದಕ್ಕೆ ಫುರ್ಕಾನನ ಹತ್ತಿರ ಉತ್ತರವಿತ್ತು. ಎರಡನೆಯದು ಹಾಗೇ ಉಳಿಯಿತು.

ಅಷ್ಟರಲ್ಲಿ ದೇವೀಂದ್ರಪ್ಪನಿಗೆ ಒಂದೇ ದಿನ ಎರಡು ಕಾರ್ಯಗಳು ಬಂದವು. ನಗರದಲ್ಲಿ ದೊಡ್ಡದೊಂದು ಲಗ್ನ, ಕಮಲಾಪುರದಲ್ಲಿ ಬಸುರಿಗೆ ಉಡಿ ತುಂಬುವ ಕುಬಸ. ಲಗ್ನಕ್ಕೆ ಕ್ಯಾಮೆರಾ ಎರಡೂ ಬೇಕು. "ಹೆಂಗಸರ ಕಾರ್ಯ, ನೀನೇ ಹೋಗಿ ಬಾ. ಎಲ್ಲಿಂದಾದ್ರೂ ಒಂದು ಕ್ಯಾಮೆರಾ ತಗೊಂಡು ಹೋಗು. ಆರತಿ ಹೊತ್ತಿಗೆ ದೂರ ನಿಲ್ಲು," ಎಂದು ಅಪ್ಪಣೆಯಾಯಿತು. ಕಾರ್ಯದ ದಿನ ಬೆಳಿಗ್ಗೆ ಅಂಬಿಕಾ ಫುರ್ಕಾನನ ಕ್ಯಾಮೆರಾವನ್ನು ಆ ಒಂದು ದಿನದ ಮಟ್ಟಿಗೆ ಪಡೆದು, ಚೀಲಕ್ಕೆ ಹಾಕಿಕೊಂಡು ಹುಮನಾಬಾದ ಕಡೆಯ ಬಸ್ಸು ಹತ್ತಿದಳು. ಮಹಾಗಾಂವ್ ಕ್ರಾಸು ದಾಟುವವರೆಗೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಕಮಲಾಪುರದ ಮನೆಯೊಡತಿ ಗುರುದೇವಿ ಬಾಗಿಲಲ್ಲೇ ಎದುರುಗೊಂಡು ಮೊದಲು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು, ಆಮೇಲೆ ಕ್ಯಾಮೆರಾ ನೋಡಿದಳು. ಎರಡೂ ಅವಳಿಗೆ ಸಾಲಲಿಲ್ಲ.

"ಇಷ್ಟು ಸಣ್ಣದೇನವ್ವಾ? ನಿಮ್ಮ ಭಾವ ದೊಡ್ಡದು ತರತಿದ್ರಲ್ಲ?"

"ಇದರಾಗ ಕನ್ನಡಿ ಇರಂಗಿಲ್ರಿ, ಅದಕ್ಕ ಸಣ್ಣದು."

"ಕನ್ನಡಿ ಬೇಕಾದ್ರ ಕೇಳಬೇಕಿಲ್ಲೋ! ನಮ್ಮನ್ಯಾಗ ಆಳೆತ್ತರದ್ದು ಅದ, ತರಸ್ತೀನಿ ತಡಿ," ಎಂದು ಗುರುದೇವಿ ಒಳಗೆ ಕೂಗಿಯೇಬಿಟ್ಟಳು. ಅಲಮಾರಿಯ ಕನ್ನಡಿಯ ಬಾಗಿಲನ್ನು ಇಬ್ಬರು ಹೆಂಗಸರು ಬಿಚ್ಚಲು ಹೊರಟಾಗ ಅಂಬಿಕಾ ಓಡಿ ಹೋಗಿ ತಡೆಯಬೇಕಾಯಿತು.

ಕುಬಸ ಗುರುದೇವಿಯ ಮಗಳು ಸೃಷ್ಟಿಯದು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಊರಿನ ಕೆಂಪು ಬಾಳೆಹಣ್ಣು. ಹುಡುಗಿಗೆ ಸೆಖೆ. ಆರತಿಯ ಹೊತ್ತಿಗೆ ಅಂಬಿಕಾ ಯಾರೂ ಹೇಳದೆಯೇ ಗೋಡೆಗೆ ಸರಿದು ಅಲ್ಲಿಂದಲೇ ತೆಗೆದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಗುರುದೇವಿಯ ಅತ್ತೆ ದುಂಡಮ್ಮ ಅವಳ ಬೋಳು ಕೊರಳನ್ನು ನೋಡಿದಳು. ಆಕೆಯ ಕೊರಳೂ ಬೋಳೇ.

ಆರತಿ ಮುಗಿದದ್ದೇ ಒಡಪು ಶುರುವಾಯಿತು. ಈ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವಂತಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಎರಡನೆಯ ಸಾಲಿನ ಕೊನೆಗೆ ಹೆಸರನ್ನು ಮೆಲ್ಲಗೆ ಜಾರಿಸಬೇಕು. ಇಂಥ ಕಾರ್ಯದಲ್ಲಿ ತೆಗೆಯಬೇಕಾದ ಫೋಟೋ ಅದೊಂದೇ ಎಂದು ಅಂಬಿಕಾಳ ನಂಬಿಕೆ. ಹೆಸರು ಬಾಯಿಂದ ಬಿದ್ದ ಗಳಿಗೆಯಲ್ಲಿ ಎಷ್ಟೇ ಗಟ್ಟಿಗಿತ್ತಿಯ ಮುಖವೂ ಕರಗಿಬಿಡುತ್ತದೆ. ಆದರೆ ಭಾವನ ದೊಡ್ಡ ಕ್ಯಾಮೆರಾ ಟಕ್ ಅಂದದ್ದೇ ಸೆರಗು ಬಾಯಿಗೆ ಏರುತ್ತಿತ್ತು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಇರುವುದೆಲ್ಲ ಸೆರಗಿನ ಫೋಟೋಗಳೇ.

ಈ ಕ್ಯಾಮೆರಾದ ಸದ್ದನ್ನು ಬಂದ್ ಮಾಡಬಹುದಿತ್ತು. ಅವಳು ಬಂದ್ ಮಾಡಿದಳು. ಸೃಷ್ಟಿಯ ಸೋದರತ್ತೆ ಮೊದಲು ಹೇಳಿದಳು, ಹೆಸರು ಬಿತ್ತು, ಅಂಬಿಕಾ ಗುಂಡಿ ಒತ್ತಿದಳು. ಪರದೆಯ ಮೇಲೆ ಫೋಕಸ್ಸಿನ ಹಸಿರು ಚೌಕ ಅತ್ತ ಹೋಯಿತು, ಇತ್ತ ಬಂತು, ನಿಲ್ಲುವಷ್ಟರಲ್ಲಿ ಸೋದರತ್ತೆ ಎಲೆಅಡಿಕೆ ತಟ್ಟೆಗೆ ಕೈಹಾಕಿದ್ದಳು. ಯೂಟ್ಯೂಬಿನ ಗಂಡಸರು ಸುಳ್ಳು ಹೇಳಿರಲಿಲ್ಲ. ಅಂಬಿಕಾ ಕ್ಯಾಮೆರಾ ಕೆಳಗಿಳಿಸಿದಳು. ಸಂಜೆಗೆ ಇದನ್ನು ಹಿಂದಿರುಗಿಸಿ ಮತ್ತೆ ಲೈಟಿನ ಕೋಲು ಹಿಡಿಯುವುದೇ ಎಂದುಕೊಂಡಳು.

ಗುರುದೇವಿಯ ಸರದಿ ಬಂತು. ಆಕೆ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತು, ಮೊದಲ ಸಾಲು ಎಸೆದಳು:

"ಕಮಲಾಪುರದ ಬಾಳೀಹಣ್ಣಿಗಿ ಕೆಂಪು ಬಣ್ಣ..."

ಇಲ್ಲಿ ನಿಲ್ಲಿಸಿದಳು. ನಿಲ್ಲಿಸಲೇಬೇಕು. ಮೊದಲ ಸಾಲು ಎಸೆದು, ಸುತ್ತಲಿದ್ದವರು "ಹೂಂ, ಹೂಂ" ಅನ್ನುವವರೆಗೆ ಕಾಯಿಸದಿದ್ದರೆ ಅದು ಒಡಪೇ ಅಲ್ಲ. ಅಂಬಿಕಾಗೆ ಅದು ಆಗ ಹೊಳೆಯಿತು. ಹೆಸರು ಯಾವಾಗ ಬರುತ್ತದೆಂದು ಪ್ರಾಸವೇ ಮುಂದಾಗಿ ಸಾರಿಬಿಡುತ್ತದಲ್ಲ! ಕುದುರೆ ಹೇಳಿ ಓಡುವುದಿಲ್ಲ, ಹೆಂಗಸು ಹೇಳಿಯೇ ನಾಚುತ್ತಾಳೆ. ಅವಳು ಗುಂಡಿಯನ್ನು ಅರ್ಧ ಒತ್ತಿ ಹಿಡಿದಳು. ಚೌಕ ಅಲ್ಲಿ ಇಲ್ಲಿ ಅಲೆದು, ಸಾವಕಾಶವಾಗಿ ಗುರುದೇವಿಯ ಕಣ್ಣಿನ ಮೇಲೆ ಬಂದು ಕೂತಿತು.

"...ಮಾತು ಕಡಿಮಿ, ಮನಸು ದೊಡ್ಡದು, ನಮ್ಮ ನಿಂಗಣ್ಣ!"

ಸಿಕ್ಕಿತು. ಸದ್ದಿಲ್ಲ, ಸೆರಗಿಲ್ಲ. ಆಮೇಲೆ ಸಾಲಾಗಿ ಎಲ್ಲರೂ ಸಿಕ್ಕರು. ಸೃಷ್ಟಿ ಕೊನೆಗೆ ಹೇಳಿದಳು: "ಹಸರು ಸೀರಿ ಉಟ್ಟು ಹಾಕೀನಿ ಮುತ್ತಿನ ಹಾರ, ಒಂದೇ ರಿಂಗಿಗಿ ಫೋನ್ ಎತ್ತತಾರ ಆನಂದಕುಮಾರ." ಮನೆ ತುಂಬ ನಗು ಎದ್ದಿತು, ಅದೂ ಸಿಕ್ಕಿತು.

ಆ ನಗುವಿನಲ್ಲೇ ಪಕ್ಕದ ಮನೆಯ ಹೊಸ ಸೊಸೆ ಅಂಬಿಕಾಳ ಕೈ ಹಿಡಿದು ಎಳೆದಳು. "ಎಲ್ಲಾರ್ದೂ ಕೇಳಿದ್ರಿ, ಈಗ ನೀವು ಹೇಳ್ರಿ ಅಕ್ಕಾ!" ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರು ಮೂವರು ನೆಲ ನೋಡಿದರು, ಉಳಿದವರಿಗೆ ಅದರಿಂದಲೇ ಗೊತ್ತಾಯಿತು. ಹೊಸ್ತಿಲಿನಿಂದ ದುಂಡಮ್ಮ, "ಆಕಿ ಕೆಲಸದಾಗ ಇದ್ದಾಳ, ಬಿಡ್ರೇ ಆಕಿನ್ನ," ಎಂದು ಗದರಿದಳು. ಕರುಣೆಯಿಂದಲೇ ಅಂದದ್ದು. ಅಂಬಿಕಾಗೆ ಆ ಕರುಣೆಯೇ ಹೆಚ್ಚು ನೋಯಿತು.

ಊಟವಾದ ಮೇಲೆ ಗುರುದೇವಿ ಕ್ಯಾಮೆರಾದ ಪರದೆಯಲ್ಲಿ ತನ್ನ ಮುಖ ನೋಡಿಕೊಂಡಳು. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ನಾ ಹಿಂಗ ನಗ್ತೀನೇನು?" ಅಂದಳು. "ಇವ್ರ ಹೆಸರು ಹೇಳಿದ್ರ ನಾ ಹಿಂಗ ಕಾಣ್ತೀನೇನು! ನಮ್ಮ ತಂಗಿ ಸೊಸಿದು ಮುಂದಿನ ತಿಂಗಳ ಕುಬಸ ಅದ. ನೀನಽ ಬರಬೇಕು. ನಂಬರ್ ಹೇಳು."

ಕ್ಯಾಮೆರಾದ ಪ್ರಶ್ನೆ ಒಡಪಿನ ಹೊತ್ತಿಗೇ ತೀರಿತ್ತು. ಉಳಿದದ್ದು ಭಾವನ ಎರಡನೆಯ ಮಾತು. ಸುಮ್ಮನೆ ನಂಬರು ಕೊಟ್ಟುಬಿಡಬಹುದಿತ್ತು, ಆದರೆ ಆ ಮನೆಯಲ್ಲೂ ಕಂಬ ಹುಡುಕಿಕೊಂಡು ಸರಿಯಬೇಕಾದೀತೆಂದು ಅವಳಿಗೆ ಬೇಸರ ಬಂತು.

"ನನಗ ಗಂಡ ಇಲ್ರಿ. ಗೊತ್ತಿದ್ದು ಕರದ್ರ ಬರ್ತೀನಿ. ಆಮ್ಯಾಲ ದೂರ ನಿಲ್ಲು ಅನ್ನಬ್ಯಾಡ್ರಿ."

ಗುರುದೇವಿ ಅತ್ತೆಯ ಕಡೆ ನೋಡಿದಳು. ದುಂಡಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡುತ್ತಿದ್ದಳು. ಗುರುದೇವಿ ತನ್ನ ಫೋನು ಕೈಗೆತ್ತಿಕೊಂಡಳು.

"ನಾ ಕರದಿದ್ದು ಫೋಟೋಕ್ಕ. ದೂರ ನಿಂತ್ರ ಮುಖ ಹೆಂಗ ಬರ್ತದ?" ಅಂದಳು ಕೊನೆಗೆ. "ಏನಂತ ಬರ್ಕೋಲಿ ಇದರಾಗ? ದೇವೀಂದ್ರಪ್ಪ ಸ್ಟುಡಿಯೋ ಅಂತ ಮೊದಲೇ ಒಂದು ಅದ."

ಸುಲಭದ ಪ್ರಶ್ನೆ. ಆದರೆ ಇಷ್ಟು ವರ್ಷ ಅವಳನ್ನು ಕೇಳಿದವರಿಗೆ ಸ್ಟುಡಿಯೋದಾಕಿ, ಇಂಥವರ ಹೆಂಡತಿ, ಇಂಥವರ ತಮ್ಮನ ಹೆಂಡತಿ ಎಂದರೆ ಸಾಕಾಗಿತ್ತು. ಅಂಬಿಕಾ ಬಾಯಿ ತೆರೆದಳು, ಮುಖ ಬಿಸಿಯಾಯಿತು, ಕೈ ಸೆರಗಿನ ಕಡೆ ಹೋಯಿತು.

"ನೋಡ್ರೇ, ಗಂಡನ ಹೆಸರು ಕೇಳಿದಂಗ ನಾಚಾಕತ್ಯಾಳ!" ಎಂದು ಸೃಷ್ಟಿ ಚಪ್ಪಾಳೆ ತಟ್ಟಿದಳು. "ಒಡಪು ಹಚ್ಚಿ ಹೇಳ್ರಿ, ಹಂಗಽ ಬಿಡಂಗಿಲ್ಲ!"

ತನ್ನದೇ ಹೆಸರಿಗೆ ಒಡಪು ಕಟ್ಟಿದ ಹೆಂಗಸನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಂಬಿಕಾ ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದು, ಮೊದಲ ಸಾಲು ಹೇಳಿದಳು:

"ನಗು ಬಂದಾಗ ಬಾಯಿಗಿ ಸೆರಗು ಯಾಕ?"

"ಹೂಂ, ಹೂಂ," ಅಂದರು ಎಲ್ಲರೂ. ದುಂಡಮ್ಮನೂ ಅಂದಳು.

"ಫೋಟೋ ತೆಗ್ಯಾಕ ಬಂದಾಳ ಅಂಬಿಕಾ."