ಒಂದೇ ತೂಕದ ಕಲ್ಲು

ಬೆಲ್ಟಿನ ಕೊಂಡಿ ಕೂರುತ್ತಿಲ್ಲ, ಎರಡು ಸಲ ತಪ್ಪಿ ಮೂರನೆಯ ಸಲ ಟಕ್ ಎಂದಿತು, ಆಮೇಲೆ ಎಳೆದು ನೋಡಿದ, ಮತ್ತೊಮ್ಮೆ ಎಳೆದು ನೋಡಿದ, ಕತ್ತಿನ ಹಿಂದೆ ಹೊಸದಾಗಿ ಕತ್ತರಿಸಿದ ಕೂದಲು, ಡ್ರೈವಿಂಗ್ ಪರೀಕ್ಷೆಗೆಂದೇ ಕತ್ತರಿಸಿಕೊಂಡು ಬಂದಿದ್ದಾನೆ, ಕೋರ್ಟಿಗೂ ಹೀಗೇ ಬಂದಿದ್ದ, ಅವತ್ತು ನನಗೆ ಕಂಡದ್ದು ಈ ಕತ್ತೊಂದೇ, ಹಿಂದಿನ ಬೆಂಚಿನಲ್ಲಿ ಕೂತು ಅದನ್ನೇ ನೋಡುತ್ತಿದ್ದೆ, ಎದ್ದು ನಿಂತು ಹೌದು ನಂದೇ ತಪ್ಪು, ಗಾಡಿ ಓಡಿಸ್ತಾ ಫೋನ್ ನೋಡ್ತಾ ಇದ್ದೆ, ಅವರು ದಾಟ್ತಾ ಇದ್ದದ್ದು ಕಾಣ್ಲಿಲ್ಲ ಅಂದಾಗಲೂ ಅವನು ಹಿಂದೆ ತಿರುಗಲಿಲ್ಲ, ನನ್ನ ತಂಗಿ ಆಗ ಆಸ್ಪತ್ರೆಯಲ್ಲಿ, ಸೊಂಟದಿಂದ ಕೆಳಗಿನದು ಯಾವುದೂ ಇನ್ನು ತನ್ನ ಮಾತು ಕೇಳುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತಿದ್ದಳು. ಶುರು ಮಾಡ್ಲಾ ಮೇಡಂ. ಮಾಡಿ, ಗೇಟು ದಾಟಿ ಎಡಕ್ಕೆ. ನನ್ನ ದನಿ ಎಷ್ಟು ಸರಿಯಾಗಿದೆ, ದಿನವೂ ಹತ್ತು ಜನಕ್ಕೆ ಹೇಳುವ ದನಿ, ಗೇಟು ದಾಟಿ ಎಡಕ್ಕೆ. ಕನ್ನಡಿ ನೋಡಿದ, ಪಕ್ಕಕ್ಕೆ ನೋಡಿದ, ನನ್ನನ್ನು ನೋಡಲಿಲ್ಲ, ಗುರುತು ಸಿಕ್ಕಿರಲಿಕ್ಕಿಲ್ಲ, ಸಿಕ್ಕಿದ್ದರೆ ಇಷ್ಟು ಸಮಾಧಾನವಾಗಿ ಗೇರು ಹಾಕುವುದಕ್ಕೆ ಆಗುತ್ತಿತ್ತೇ, ಕೋರ್ಟು ಕಿತ್ತುಕೊಂಡ ಲೈಸೆನ್ಸು, ನಿಷೇಧದ ಅವಧಿ ಮುಗಿದಿದೆ, ಮತ್ತೆ ಮೊದಲಿನಿಂದ ಪರೀಕ್ಷೆ, ಸುತ್ತಿ ಬಳಸಿ ನನ್ನ ಪಕ್ಕದ ಸೀಟಿಗೇ ಬಂದು ಕೂತಿದ್ದಾನೆ.

ಬೆಳಿಗ್ಗೆ ಹೆಸರು ನೋಡಿದ ಕೂಡಲೇ ಮೇಲಧಿಕಾರಿಯ ಕೋಣೆಗೆ ಹೋಗಿ ಹೇಳಿದ್ದೆ, ಸಾರ್, ಈ ಮನುಷ್ಯನ ಪರೀಕ್ಷೆ ನಾನು ಮಾಡೋದು ಸರಿಯಲ್ಲ, ಬೇರೆಯವರಿಗೆ ಕೊಡಿ. ಅವರು ಟೀ ಲೋಟದಿಂದ ಮುಖ ಎತ್ತದೆ, ಬೇರೆಯವರು ಯಾರಿದ್ದಾರಮ್ಮಾ, ಒಬ್ಬರಿಗೆ ಬೆನ್ನು ಹಿಡಿದಿದೆ, ಇನ್ನೊಬ್ಬರು ಮಗಳ ಹೆರಿಗೆ ಅಂತ ಊರಿಗೆ ಹೋಗಿದಾರೆ, ಇವತ್ತು ತಪ್ಪಿದ್ರೆ ಅವನು ಮತ್ತೆ ತಿಂಗಳುಗಟ್ಟಲೆ ಕಾಯಬೇಕು, ನೀವು ಪ್ರಾರ್ಥನೆ ಗೀರ್ಥನೆ ಮಾಡೋರು, ನಿಮಗೇನು ಕಷ್ಟ, ಕ್ಷಮಿಸಿಬಿಡಿ, ಮುಗೀತು. ಮುಗೀತಂತೆ, ಕ್ಷಮೆ ಎಂದರೆ ಇವರ ರಬ್ಬರ್ ಸ್ಟಾಂಪು, ಒತ್ತಿದರೆ ಬೀಳುತ್ತದೆ. ಮೆಟ್ಟಿಲ ಕೆಳಗೆ ನಿಂತು ಮನೆಗೆ ಫೋನು ಮಾಡಿದೆ, ತಂಗಿ ನಕ್ಕಳು, ಅಕ್ಕಾ, ಅವನು ಮುರಿದದ್ದು ನನ್ನ ಬೆನ್ನು, ನಿಂದಲ್ಲ, ನಾನು ಯಾವತ್ತೋ ಬಿಟ್ಟುಬಿಟ್ಟೆ, ನೀನಿನ್ನೂ ಅದನ್ನ ಹೊತ್ಕೊಂಡು ತಿರುಗ್ತಾ ಇದೀಯಲ್ಲ. ಹೊತ್ತುಕೊಂಡು ತಿರುಗುತ್ತಿರುವುದು ನಿನ್ನನ್ನೇ ಕಣೇ ಎಂದು ಬಾಯಿಗೆ ಬಂತು, ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಹಾಸಿಗೆಗೆ, ಅವಳ ಕಂಕುಳಲ್ಲಿ ಕೈ ಕೊಟ್ಟು ಏಳಿಸುವಾಗ ನನ್ನ ಸೊಂಟದಲ್ಲಿ ಏನೋ ಚಳಕ್ ಎನ್ನುತ್ತದೆ, ಮಾತ್ರೆ ತಗೊಂಡ್ಯಾ ಅಂತಷ್ಟೇ ಕೇಳಿ ಫೋನು ಇಟ್ಟೆ. ಅವಳಿಗೆ ಕ್ಷಮಿಸುವುದು ಒಲಿದಿದೆ, ಚಿಕ್ಕಂದಿನಲ್ಲಿ ಹಾಡು ಒಲಿದ ಹಾಗೆ, ನಾನು ಚರ್ಚಿನ ಅದೇ ಸಭೆಯಲ್ಲಿ ಅದೇ ಬೆಂಚಿನಲ್ಲಿ ಬೆಳೆದೆ, ಅದೇ ಸತ್ಯವೇದ ಓದಿದೆ, ಬಲಕ್ಕೆ ತಿರುಗಿಸಿ, ವೃತ್ತದಲ್ಲಿ ಎರಡನೇ ದಾರಿ, ಹೌದು, ಇದೇ.

ಚೆನ್ನಾಗಿಯೇ ಓಡಿಸುತ್ತಿದ್ದಾನೆ ಹಾಳಾದವನು. ಎಲ್ಲಾದರೂ ತಪ್ಪಲಿ ಎಂದು ಕಾಯುತ್ತಿದ್ದೇನೆ, ಕಾಯುತ್ತಿದ್ದೇನೆ ಎಂದು ಗೊತ್ತಾದ ಮೇಲೂ ಕಾಯುತ್ತಿದ್ದೇನೆ, ಕರ್ತನೇ, ಇದನ್ನೂ ನೋಡುತ್ತಿದ್ದೀಯಲ್ಲ. ನಿನ್ನಂತೆಯೇ ನೆರೆಯವನನ್ನೂ ಪ್ರೀತಿಸು ಎಂದರೆ ಇಲ್ಲಿ ನೆರೆಯವನು ಯಾರು, ಪಕ್ಕದ ಸೀಟಿನಲ್ಲಿ ಬೆವರುತ್ತಿರುವ ಇವನೋ, ಅಥವಾ ನಾಳೆ ಇವನ ಮುಂದೆ ರಸ್ತೆ ದಾಟಲಿರುವ, ಇನ್ನೂ ಮನೆಯಿಂದ ಹೊರಟೇ ಇಲ್ಲದ ಯಾರೋ ಒಬ್ಬಳೋ, ಇವನನ್ನು ಸುಮ್ಮನೆ ಪಾಸು ಮಾಡಿ ಅದಕ್ಕೆ ಕ್ಷಮೆ ಎಂದು ಹೆಸರಿಟ್ಟರೆ ಅವಳಿಗೆ ನಾನು ಏನು ಹೇಳಲಿ. ಅಪ್ಪನಿಗಾದರೆ ಇದೆಲ್ಲ ಸಲೀಸು, ದಿನಸಿ ಅಂಗಡಿ, ಒಂದು ತಕ್ಕಡಿ, ಸತ್ಯವೇದದಲ್ಲಿ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಎಂಬ ಭಾಗ ಬಂದಾಗಲೆಲ್ಲ ದನಿ ಏರಿಸಿ ಓದುತ್ತಿದ್ದರು, ನಾನು ಒಮ್ಮೆ ಕೇಳಿದ್ದೆ, ಪಾಪದವರು ಬಂದ್ರೆ ಒಂಚೂರು ಜಾಸ್ತಿ ತೂಗಬಾರದಾ ಅಪ್ಪಾ, ಅವರು, ಹಾಕು ಮಗಳೇ, ಎರಡು ಹಿಡಿ ಹಾಕು, ಆದ್ರೆ ತೂಗಿ ಆದ ಮೇಲೆ ಹಾಕು, ತಕ್ಕಡಿ ಮೇಲೆ ಬೆರಳಿಡಬೇಡ. ಬೆರಳು. ಇಲ್ಲೀಗ ಎರಡು ಬೆರಳು, ಒಂದು ಅತ್ತ ಒತ್ತುತ್ತದೆ, ಒಂದು ಇತ್ತ, ಎರಡೂ ನನ್ನವೇ, ಸುಸ್ತು, ಎಷ್ಟು ಸುಸ್ತು, ಇವನು ನೇರ ಹೋಗುತ್ತಲೇ ಇದ್ದರೆ ನಾನು ಹೀಗೇ ನಿದ್ದೆ ಹೋಗಿಬಿಡಬಹುದಿತ್ತು.

ಕಾರು ನಿಂತಿತು. ಬಿಳಿ ಪಟ್ಟೆಗಳ ಮುಂದೆ. ಅಂಚಿನಲ್ಲಿ ಮುದುಕಿಯೊಬ್ಬಳು ಕೈಚೀಲದಲ್ಲಿ ಏನೋ ಹುಡುಕುತ್ತಿದ್ದಾಳೆ, ರಸ್ತೆಗೆ ಇಳಿದಿಲ್ಲ, ಇಳಿಯುವ ಅಂದಾಜೂ ಇಲ್ಲ, ತಲೆ ಎತ್ತಿ ಇವನನ್ನು ನೋಡಿ ನೀ ಹೋಗಪ್ಪಾ ಎಂದು ಕೈ ಬೀಸಿದಳು, ಇವನು ಹೋಗಲಿಲ್ಲ, ಹಿಂದೆ ಒಂದು ಹಾರನ್ನು, ಮತ್ತೊಂದು, ಮುದುಕಿ ಮತ್ತೆ ಕೈ ಬೀಸಿದಳು, ಹೋಗಲಿಲ್ಲ, ನಾನು ಕೆಳಗೆ ನೋಡಿದೆ, ಬ್ರೇಕಿನ ಮೇಲೆ ಅವನ ಕಾಲು, ಕಪ್ಪು ಬೂಟು, ಲೇಸು ಎರಡೆರಡು ಗಂಟು, ಇಡೀ ದೇಹದ ಭಾರ ಅಲ್ಲಿ, ನಡುಗುತ್ತಿದೆ. ಹೋಗಿ ಅಂದೆ. ಅವರು ದಾಟ್ಲಿ ಮೇಡಂ. ಅವರು ದಾಟಲ್ಲ ಕಣ್ರೀ, ಹೋಗಿ. ಆಮೇಲೆ ಹೋದ. ಇದೋ, ಸಿಕ್ಕಿತು, ನಾನು ಕಾದಿದ್ದು ಬಂತು, ವಿನಾಕಾರಣ ನಿಂತು ಸಂಚಾರಕ್ಕೆ ಅಡ್ಡಿ, ದೊಡ್ಡ ತಪ್ಪು ಅಂತಲೂ ಹಾಕಬಹುದು, ಸಣ್ಣದು ಅಂತಲೂ, ಪರೀಕ್ಷಕರ ವಿವೇಚನೆಗೆ ಬಿಟ್ಟದ್ದು, ದೊಡ್ಡದು ಅಂದರೆ ಫೇಲು, ಯಾರೂ ಪ್ರಶ್ನಿಸುವುದಿಲ್ಲ, ಸುಳ್ಳೂ ಅಲ್ಲ, ಹಾರನ್ನು ಕೇಳಿಸಿದ್ದು ನಿಜ, ಭಯ ಹಿಡಿದವನು ಸ್ಟಿಯರಿಂಗ್ ಹಿಡಿಯಬಾರದು ಎನ್ನುವುದೂ ನಿಜ, ಪೆನ್ನು ಅತ್ತ ಹೋಯಿತು, ಆಗಲೇ ಬೇಕರಿಯವನು ನೆನಪಾದ, ಹೋದ ವಾರ, ಇದೇ ಪಟ್ಟೆಗಳು, ಗುಂಡಗೆ ಕೂತು ಹಣೆ ಒರೆಸಿಕೊಳ್ಳುತ್ತ, ಮೇಡಂ ಆ ನಾಯಿ ದಾಟುತ್ತೋ ಇಲ್ವೋ ಹೇಳ್ಬಿಡಿ ಅಂದಿದ್ದ, ಹಿಂದೆ ಇದಕ್ಕಿಂತ ಹೆಚ್ಚು ಹಾರನ್ನು, ನಾನು ನಕ್ಕುಬಿಟ್ಟೆ, ಸಣ್ಣ ತಪ್ಪು ಎಂದು ಹಾಕಿ ಪಾಸು ಮಾಡಿದೆ. ಯಾಕೆ ಈಗಲೇ ನೆನಪಾಗಬೇಕಿತ್ತು ಆ ಬೇಕರಿಯವನು. ಅವನಿಗೊಂದು ಕಲ್ಲು, ಇವನಿಗೊಂದು ಕಲ್ಲು, ಬೇಡ ಅಪ್ಪಾ, ನೋಡಬೇಡ ನನ್ನನ್ನು, ಹಾಕಿದೆ, ಸಣ್ಣ ತಪ್ಪು, ಒಂದು ಗೀಟು, ಅಷ್ಟೆ, ಕೈ ಇಷ್ಟು ಭಾರವಾಗಿ ಯಾವತ್ತೂ ಗೀಟು ಎಳೆದಿರಲಿಲ್ಲ.

ಆಫೀಸಿನ ಅಂಗಳ, ಗೋಡೆ ಪಕ್ಕ ನಿಲ್ಲಿಸಿ, ಹಿಮ್ಮುಖವಾಗಿ, ಹ್ಞಾಂ, ಸಾಕು, ಇಂಜಿನ್ ಆರಿಸಿ. ಆರಿಸಿದ. ಪಾಸಾಗಿದ್ದೀರಿ ಅಂದೆ, ಎಲ್ಲರೂ ಈ ಮಾತಿಗೆ ಉಸಿರು ಬಿಡುತ್ತಾರೆ, ಕೆಲವರು ಕೈ ಕುಲುಕುತ್ತಾರೆ, ಇವನು ಎದುರಿನ ಗೋಡೆಯನ್ನು ನೋಡುತ್ತ ಕೂತ. ನಿಮ್ಮ ತಂಗಿ ಹೇಗಿದ್ದಾರೆ ಮೇಡಂ. ಗೊತ್ತಿತ್ತು, ಗೇಟಿನಿಂದಲೇ ಗೊತ್ತಿತ್ತು ಇವನಿಗೆ. ಗೊತ್ತಿದ್ದೂ ಯಾಕೆ ಕೂತಿರಿ, ಬೇರೆ ದಿನ ಕೇಳಬಹುದಿತ್ತಲ್ಲ. ಕೋರ್ಟಿಂದ ಹೊರಗೆ ಬರೋವಾಗ ನಿಮ್ಮನ್ನ ನೋಡಿದ್ದೆ, ನೀವು ಫೇಲ್ ಮಾಡ್ತೀರಿ ಅಂದ್ಕೊಂಡಿದ್ದೆ, ಮಾಡಿದ್ರೆ ನಂಗೂ ಒಂದು ಥರ ಹಗುರ ಆಗ್ತಿತ್ತು. ಹಗುರ. ನೀನು ಹಗುರ ಮಾಡಿಕೊಳ್ಳಲಿಕ್ಕೆ ನಾನು ಬೇಕಿತ್ತೇನೋ, ಎನ್ನಲಿಲ್ಲ, ಎನ್ನುವಷ್ಟು ಶಕ್ತಿಯೂ ಉಳಿದಿರಲಿಲ್ಲ, ನಾನು ನಿಮ್ಮನ್ನ ಕ್ಷಮಿಸಿಲ್ಲ ಅಂದೆ, ಓಡಿಸಿದ್ದಕ್ಕೆ ಪಾಸು ಮಾಡಿದೀನಿ, ಇನ್ನೊಂದು ನನ್ನಿಂದ ಇನ್ನೂ ಆಗಿಲ್ಲ, ದಿನಾ ಕೇಳ್ಕೊಳ್ತೀನಿ, ಆಗಿಲ್ಲ. ಸರಿ ಮೇಡಂ ಅಂದ. ತಂಗಿ ಕ್ಷಮಿಸಿದಾಳೆ ಅಂದೆ, ಅವಳು ಚೆನ್ನಾಗಿದಾಳೆ, ನಡೆಯೋದಿಲ್ಲ, ಚೆನ್ನಾಗಿದಾಳೆ. ಅವನ ಗದ್ದ ಅಲುಗಿತು, ಅಳುತ್ತಾನೇನೋ, ಅಳಬೇಡ ಮಾರಾಯ, ನನ್ನ ಹತ್ತಿರ ಅದಕ್ಕೂ ಏನೂ ಇಲ್ಲ, ಮುಂದಿನವರು ಆಗಲೇ ನೆರಳಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ, ಇಳಿಯಿರಿ ಅಂದೆ, ಇಳಿಯಲಿಲ್ಲ, ಬೆಲ್ಟು ಬಿಚ್ಚಿ, ಬಿಚ್ಚಿದ, ಇನ್ನು ಇಳಿಯಿರಿ, ಕೂತೇ ಇದ್ದಾನೆ, ಕೆಳಗೆ ನೋಡಿದೆ, ಇಂಜಿನ್ ಆರಿದೆ, ಗಾಡಿ ನಿಂತಿದೆ, ಮುಂದೆ ಗೋಡೆ, ದಾಟುವವರು ಯಾರೂ ಇಲ್ಲ, ಬ್ರೇಕಿನ ಮೇಲೆ ಅವನ ಕಾಲು, ಒತ್ತಿಯೇ ಇದೆ, ಕಾಲು ತೆಗೀರಿ ಅಂದೆ, ಒತ್ತಿಯೇ ಇದೆ, ಆ ಬೂಟು, ಬ್ರೇಕಿನ ಮೇಲೆ, ನಡುಗುತ್ತ, ಆ ಕಾಲು—