ತಪ್ಪು, ಮಿಸ್!

ಶಾಲೆಯಲ್ಲಿ ನನ್ನ ಅಕ್ಕನಿಗೆ ‘ತಪ್ಪು ಮಿಸ್’ ಎಂದೇ ಹೆಸರು. ಐದನೇ ತರಗತಿಗೆ ಗಣಿತ ಹೇಳುತ್ತಿದ್ದಳು. ಹೊಸ ಲೆಕ್ಕ ಶುರುಮಾಡಿದಾಗ ಬೇಕಂತಲೇ ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದು, ಏನೂ ಅರಿಯದವಳ ಹಾಗೆ ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತ ನಿಲ್ಲುವಳು. ಯಾರಿಗೋ ಹೊಳೆದು ‘ತಪ್ಪು, ಮಿಸ್!’ ಎಂದರೆ ಸಾಕು, ಇಡೀ ತರಗತಿ ಸೂರು ಹಾರಿಹೋಗುವಂತೆ ಕೂಗುತ್ತಿತ್ತು. ಏಕೆ ತಪ್ಪೆಂದು ಆಮೇಲೆ ಮಕ್ಕಳ ಬಾಯಿಂದಲೇ ಹೊರಡಿಸುತ್ತಿದ್ದಳು. ಪಕ್ಕದ ಕೋಣೆಯ ಡ್ರಾಯಿಂಗ್ ಮೇಷ್ಟ್ರಾದ ನನಗೆ ಹೊಟ್ಟೆಕಿಚ್ಚು. ನನ್ನ ಸೇಬುಹಣ್ಣಿನ ಚಿತ್ರಕ್ಕೆ ಯಾರೂ ಹಾಗೆ ಕೂಗಿದ್ದಿಲ್ಲ.

ಹಳೇ ಕರಿಬೋರ್ಡಿನ ಪಕ್ಕಕ್ಕೆ ದೊಡ್ಡ ಪರದೆಯ ಡಿಜಿಟಲ್ ಬೋರ್ಡುಗಳು ಬಂದಾಗ ಹೆಡ್‌ಮಾಸ್ಟರ್ ಅವಳನ್ನು ಕರೆಸಿದರು.

“ಮೇಡಂ, ನಿಮ್ಮ ಪಾಠ ಎಲ್ಲಾ ರೆಕಾರ್ಡ್ ಮಾಡಿಬಿಡೋಣ. ಪ್ರತಿ ಸೆಕ್ಷನ್ನಿಗೂ ನೀವೇ ಸಿಗ್ತೀರಿ.”

ಅಕ್ಕನ ಮುಖ ಊರಗಲವಾಯಿತು. ಖಾಲಿ ಬೆಂಚುಗಳ ಮುಂದೆ ನಿಂತು ಕ್ಯಾಮೆರಾಗೆ ಪಾಠ ಮಾಡಿದಳು. ಅಭ್ಯಾಸ ಬಿಡುತ್ತದೆಯೇ? ೧/೨ + ೧/೩ = ೨/೫ ಎಂದು ಬರೆದು, ಕಾದು ನಿಂತು, “ಎಲ್ಲಿ, ತಪ್ಪು ಹಿಡೀರಿ ನೋಡೋಣ” ಎಂದು, ಅಳಿಸಿ ೫/೬ ಎಂದು ತಿದ್ದಿದಳು. ವಿಡಿಯೋ ಕತ್ತರಿಸುವ ಮಹಾಶಯ ಒಂದೇ ಲೆಕ್ಕ ಎರಡು ಸಲ ಯಾಕೆಂದು ನಡುವಿನ ಮಾತನ್ನೂ ಎರಡನೆಯದನ್ನೂ ಎಗರಿಸಿಬಿಟ್ಟ. ಪಾಠ ಚೊಕ್ಕವಾಯಿತು. ೨/೫ ಉಳಿಯಿತು.

ರೆಕಾರ್ಡಿಂಗ್ ಮುಗಿದದ್ದೇ ತಡ, ಅಕ್ಕನನ್ನು ಲೈಬ್ರರಿಯ ಧೂಳು ಹೊಡೆಯಲು ಹಾಕಿದರು. ತರಗತಿಯಲ್ಲಿ ಬಟನ್ ಒತ್ತಿ ಗಲಾಟೆಯವರನ್ನು ಗದರಿಸಲು ಆಯಾ ಒಬ್ಬಳು ಸಾಕಾದಳು. ಹೊಸ ವರ್ಷದ ಐದನೇ ತರಗತಿಯ ಮಕ್ಕಳು ಅಕ್ಕನನ್ನು ನೋಡಿದ್ದು ಪರದೆಯ ಮೇಲೆ ಮಾತ್ರ.

ಮಗನಿಗೆ ಮನೆಪಾಠ ಹೇಳಲು ಕೂತು ಅವನ ನೋಟ್‌ಬುಕ್ಕಿನಲ್ಲಿ ೨/೫ ಕಂಡ ತಾಯಿಯೊಬ್ಬಳು ನಿನ್ನೆ ಶಾಲೆಗೆ ಬಂದು ಹೆಡ್‌ಮಾಸ್ಟರ ನೀರಿಳಿಸಿದಳು. ಅವರು ಅದನ್ನೆಲ್ಲ ಅಕ್ಕನ ತಲೆಗೆ ಕಟ್ಟಿದರು.

“ಬರೆದಿರೋದು ನಿಮ್ಮದೇ ಕೈ ತಾನೆ, ಮೇಡಂ? ನಾಳೆಯಿಂದ ಬರೋದು ಬೇಡ.”

“ಅದು ತಪ್ಪಲ್ಲ ಸರ್, ಅದೇ ನನ್ನ ಪಾಠ. ನಾಳೆ ಒಂದು ಪೀರಿಯಡ್ ಕೊಡಿ, ನೀವೇ ಬಂದು ಕೂತ್ಕೊಳ್ಳಿ. ಮಕ್ಕಳೇ ತೋರಿಸ್ತಾರೆ. ತೋರಿಸಲಿಲ್ಲ ಅಂದ್ರೆ ನಾನೇ ಹೋಗ್ತೀನಿ.”

ನನಗೆ ಮೈ ಉರಿಯಿತು. “ಅವರ ಕಾಲು ಯಾಕೆ ಹಿಡೀತೀಯಕ್ಕ?” ಎಂದೆ.

“ಅವರದ್ದಲ್ಲ ಕಣೋ. ಮಕ್ಕಳು ಕೂಗ್ತಾರೆ, ನೋಡ್ತಿರು.”

ಇವತ್ತು ನನ್ನ ತರಗತಿಗೆ ಬಾಯಿ ಮುಚ್ಚಿಕೊಂಡು ಬಣ್ಣ ತುಂಬಲು ಹೇಳಿ ನಾನು ಗೋಡೆಗೆ ಕಿವಿಗೊಟ್ಟೆ. ಸೀಮೆಸುಣ್ಣದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಕೂಗ್ರೋ, ಒಬ್ಬನಾದರೂ ಕೂಗ್ರೋ ಎಂದು ಒಳಗೊಳಗೇ ಬೇಡಿಕೊಂಡೆ. ಡಸ್ಟರಿನಿಂದ ಒರೆಸಿದ ಸದ್ದು, ಮತ್ತೆ ಸೀಮೆಸುಣ್ಣ.

“ತಪ್ಪು, ಮಿಸ್!”

ಒಂದು ದನಿ, ಹಿಂದೆಯೇ ಇಡೀ ತರಗತಿ. ಗೋಡೆ ಅದುರಿತು. ಅಕ್ಕ ಗೆದ್ದಳು! ಕುಣಿಯುವುದೊಂದು ಬಾಕಿ, ನಾನು ಓಡಿದೆ.

ಹೆಡ್‌ಮಾಸ್ಟರ್ ಆಗಲೇ ಎದ್ದು ಹೊರಟಿದ್ದರು. ಮಕ್ಕಳು ಬೆಂಚಿನ ಮೇಲೆ ನಿಂತು, ಆಫ್ ಮಾಡಿದ್ದ ಪರದೆಯತ್ತ ಕೈ ತೋರಿಸುತ್ತ ಕೂಗುತ್ತಿದ್ದರು. ಕರಿಬೋರ್ಡಿನಲ್ಲಿ ಒರೆಸಿದ ೨/೫ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೆ ಅಕ್ಕ ದೊಡ್ಡದಾಗಿ ೫/೬ ಎಂದು ಬರೆದಿದ್ದಳು.