ಬಣ್ಣದಕ್ಕನಿಗೆ ಅರವತ್ತಾಯಿತು

ನಾಟಕ ಕಂಪನಿಯಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಅಂತಲೇ ಕರೆಯುತ್ತಿದ್ದರು. ಎಪ್ಪತ್ತರ ನಟನಿಗೆ ಬಣ್ಣ ಬಳಿದು ಇಪ್ಪತ್ತರ ಮದುಮಗನನ್ನಾಗಿ ರಂಗಕ್ಕೆ ತಳ್ಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅಂಥವಳು ತನ್ನ ವಯಸ್ಸನ್ನು ಸುಮ್ಮನೆ ಬಿಟ್ಟಾಳೆಯೇ? ಕೆಲಸಕ್ಕೆ ಸೇರಿದ ದಿನವೇ ಅದರಿಂದ ಮೂರು ವರ್ಷ ಒರೆಸಿ ಹಾಕಿದ್ದಳು. ಬಾಯಲ್ಲಿ ಹೇಳಿದ್ದೇ ವಯಸ್ಸು ಎನ್ನುವ ಕಾಲ ಅದು. ಅಲ್ಲೇ ಟಿಕೆಟ್ ಹರಿಯುತ್ತಿದ್ದವನನ್ನು ಮದುವೆಯಾದಾಗಲೂ ಅದೇ ವಯಸ್ಸು ಜೊತೆಗೆ ಬಂತು. ನಿಜಕ್ಕೆ ಗಂಡನಿಗಿಂತ ಒಂದು ವರ್ಷ ದೊಡ್ಡವಳು. ಅವನ ಪಾಲಿಗೆ ಎರಡು ವರ್ಷ ಚಿಕ್ಕವಳು.

ಟಿಕೆಟ್ ಕೊಡಲು ಯಂತ್ರ ಬಂದ ಮೇಲೆ ಗಂಡ ಮನೆಯಲ್ಲೇ ಇದ್ದ. ಈಗ ಅವಳ ಮಂಡಿಗಳೂ ಮುಷ್ಕರ ಹೂಡಿದವು. ಸಾಕಪ್ಪಾ ಸಾಕು ಅಂತ ಅವಳು ಲೆಕ್ಕಪತ್ರದ ಕೋಣೆಗೆ ಹೋದಳು.

"ಅಕ್ಕಾ, ನಿವೃತ್ತಿ ಖಾತೆ ದುಡ್ಡು ಅರವತ್ತು ತುಂಬಿದ ಮೇಲೆ ತಗೊಂಡ್ರೆ ಚಿಕ್ಕಾಸು ತೆರಿಗೆ ಇಲ್ಲ," ಎಂದಳು ಗುಮಾಸ್ತೆ. "ಮುಂಚೆ ಮುಟ್ಟಿದ್ರೆ ಐದರಲ್ಲೊಂದು ಪಾಲು ತೆರಿಗೆಗೇ ಹೋಗತ್ತೆ. ನಿಮಗಿನ್ನೂ ಐವತ್ತೇಳು."

"ದುಡ್ಡು ನಂದೇ ಅಲ್ವೇನೇ?"

"ನಿಮ್ಮದೇ. ಆದ್ರೆ ಕೂಡಿಡುವಾಗ ಸರ್ಕಾರದವರು ಅದರ ಮೇಲೆ ತೆರಿಗೆ ಬಿಟ್ಟಿದ್ರಲ್ಲ, ಮುಪ್ಪಿಗಿರಲಿ ಅಂತ. ಮುದುಕಿ ಆಗೋ ಮೊದಲೇ ಎತ್ಕೊಂಡ್ರೆ ಬಿಟ್ಟಿದ್ದನ್ನ ವಾಪಸ್ ಕೇಳ್ತಾರೆ."

ಮುದುಕಿ ಎಂಬ ಮಾತು ಬಣ್ಣದಕ್ಕನ ಕಿವಿಗೆ ಜನ್ಮದಲ್ಲಿ ಮೊದಲ ಸಲ ಹಿತವಾಗಿ ಕೇಳಿಸಿತು. ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದಳು: "ನಾನು ಆಗಲೇ ಆಗಿದ್ದೀನಿ ಕಣೆ."

ಗುಮಾಸ್ತೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಶಾಲೆಯ ಪ್ರಮಾಣಪತ್ರ ತಂದರೆ ವಯಸ್ಸು ತಿದ್ದಬಹುದು, ಆದರೆ ವಾರಸುದಾರನೆಂದು ಬರೆಸಿದ ಗಂಡನ ಸಹಿಯೂ ಬೇಕು ಎಂದಳು. ಬಣ್ಣದಕ್ಕ ತಿದ್ದುಪಡಿಯ ಅರ್ಜಿ ಇಸಕೊಂಡು ಮನೆಗೆ ಹೊರಟಳು.

ತೆರಿಗೆ ಕಟ್ಟಿಬಿಟ್ಟರೆ ಮಾನ ಉಳಿಯುತ್ತದೆ ಅಂತ ದಾರಿಯುದ್ದಕ್ಕೂ ಯೋಚಿಸಿದಳು. ಇಷ್ಟು ದುಬಾರಿ ಮಾನ ಯಾವ ಪುರುಷಾರ್ಥಕ್ಕೆ ಅಂತ ಮೆಟ್ಟಿಲು ಹತ್ತುವಾಗ ಮಂಡಿ ಕೇಳಿತು. ಆ ಐದನೇ ಪಾಲೆಂದರೆ ವರ್ಷಗಟ್ಟಲೆ ನಿಂತೇ ದುಡಿದ ದುಡ್ಡು. ಆದರೆ ಇಷ್ಟು ಕಾಲ ಸುಳ್ಳು ಹೇಳಿದೆ ಅಂತ ಅವನು ಮಾತು ಬಿಟ್ಟರೆ? ದುಡ್ಡು ಹೋಗುವುದಕ್ಕಿಂತ ಅವಳಿಗೆ ಆ ಭಯವೇ ದೊಡ್ಡದಾಗಿತ್ತು.

ಕೊನೆಗೆ ಅರ್ಜಿಯನ್ನು ಗಂಡನ ಮುಂದಿಟ್ಟು, ಒಂದೇ ಉಸಿರಿಗೆ ಎಲ್ಲ ಒದರಿ, ಕಿಟಕಿಯ ಕಡೆ ತಿರುಗಿ ನಿಂತಳು.

ಅವನು ಎರಡು ಸಲ ಓದಿದ. "ಅಂದ್ರೆ ನೀನು ನನಗಿಂತ ದೊಡ್ಡವಳು."

"ಒಂದೇ ವರ್ಷ."

"ಇನ್ಮೇಲೆ ನಿನಗೆ 'ಬನ್ನಿ, ಹೋಗಿ' ಅನ್ನಬೇಕೇನೋ."

ಅವಳಿಗೆ ನಗು ಬರಲಿಲ್ಲ. "ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ, ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಅವಳು ತಿರುಗಿ ನೋಡಿದಳು. ಅವನ ಮುಖ ಹೂವಿನಂತೆ ಅರಳಿತ್ತು.

"ತಡಿ ತಡಿ. ನೀನು ಇನ್ನೂ ಮೂರು ವರ್ಷ ಕೆಲಸಕ್ಕೆ ಹೋಗ್ತೀಯ ಅಂದ್ಕೊಂಡಿದ್ದೆ. ನೀನು ಹೋದ ಮೇಲೆ ವಾಪಸ್ ಬರೋ ತನಕ ನನ್ನ ಹತ್ರ ಒಂದು ನರಪಿಳ್ಳೆನೂ ಮಾತಾಡಲ್ಲ ಕಣೆ. ಪೆನ್ನೆಲ್ಲಿದೆ, ಬೇಗ ಕೊಡು."